ಫಲಿತಾಂಶದ ಮರುದಿನವೂ ಶಾಲೆಯ ಬಾಗಿಲು ತೆರೆದಿರಲಿ

ಮಾನ್ಯ ಅಧ್ಯಕ್ಷರು,
ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿ, ಬೆಂಗಳೂರು
ಹಾಗೂ
ರಾಜ್ಯದ ಎಲ್ಲ ಪ್ರೌಢಶಾಲೆಗಳ ಮುಖ್ಯ ಶಿಕ್ಷಕರಿಗೆ

ವಿಷಯ: ಎಸ್ಸೆಸ್ಸೆಲ್ಸಿ ಪರೀಕ್ಷೆ-1ರಲ್ಲಿ ತೇರ್ಗಡೆಯಾಗದ ಮಕ್ಕಳನ್ನು ಪರೀಕ್ಷೆ-3 ಮುಗಿಯುವ ತನಕ ಶಾಲೆಯ ಹೊಣೆಯಲ್ಲೇ ಇರಿಸಿಕೊಳ್ಳುವ ಕುರಿತು.

ಮಾನ್ಯರೇ,

ಒಂದೇ ಸಾಲಿನ ಮೂರು ಎಸ್ಸೆಸ್ಸೆಲ್ಸಿ ಪರೀಕ್ಷೆಗಳಲ್ಲಿ ಮೊದಲನೆಯದಾದ ಪರೀಕ್ಷೆ-1ಕ್ಕೆ 2025ರಲ್ಲಿ ಕುಳಿತವರು 8,42,173 ಮಂದಿ. ತೇರ್ಗಡೆಯಾದವರು 5,24,984. ಉಳಿದ 3,17,189 ಮಂದಿಯ ಬಗ್ಗೆ ಈ ಪತ್ರ. ಆ ಸಲ 625ಕ್ಕೆ 625 ಅಂಕ ತೆಗೆದ 22 ಮಕ್ಕಳ ಹೆಸರು, ಊರು, ಶಾಲೆ ಎಲ್ಲ ಕಡೆ ಬಂತು. ಬರಲೇಬೇಕು, ಆ ಮಕ್ಕಳು ವರ್ಷವಿಡೀ ದುಡಿದಿದ್ದಾರೆ. ಆದರೆ ಮೂರು ಲಕ್ಷಕ್ಕೂ ಹೆಚ್ಚು ಮಂದಿಗೆ ಆ ದಿನ ಸಿಕ್ಕಿದ್ದು ಮೊಬೈಲ್ ಪರದೆಯ ಮೇಲಿನ ಒಂದು ಪದ ಮಾತ್ರ. ಇವತ್ತು ಏನು ಮಾಡಬೇಕು, ನಾಳೆ ಯಾರನ್ನು ಕಾಣಬೇಕು, ಯಾವ ದಿನಾಂಕದೊಳಗೆ ಯಾವ ಅರ್ಜಿ ಹಾಕಬೇಕು ಎಂದು ಪಕ್ಕದಲ್ಲಿ ಕೂತು ಹೇಳುವ ವ್ಯವಸ್ಥೆ ನಮ್ಮಲ್ಲಿಲ್ಲ. ಎಲ್ಲಾದರೂ ಹೇಳುವವರಿದ್ದರೆ ಅದು ಆ ಶಾಲೆಯ ಒಬ್ಬಿಬ್ಬರು ಶಿಕ್ಷಕರ ಒಳ್ಳೆಯತನ. ಒಳ್ಳೆಯತನವನ್ನು ನಂಬಿಕೊಂಡು ಇಷ್ಟು ಮಕ್ಕಳನ್ನು ಬಿಡಲಾಗದು.

ಈ ಕೊರತೆಗೆ ಮೊದಲ ಕಾರಣ ನಮ್ಮ ಶೈಕ್ಷಣಿಕ ಕ್ಯಾಲೆಂಡರ್. ಏಪ್ರಿಲ್ ಎರಡನೇ ವಾರದ ಹೊತ್ತಿಗೆ ಬೇಸಿಗೆ ರಜೆ ಶುರುವಾದರೆ ಶಾಲೆಗಳು ಮತ್ತೆ ತೆರೆಯುವುದು ಮೇ ಕೊನೆಗೆ. ಫಲಿತಾಂಶ ಬರುವುದು ಈ ನಡುವೆ. 2024ರಲ್ಲಿ ಮೇ 9ಕ್ಕೆ ಬಂತು, 2025ರಲ್ಲಿ ಮೇ 2ಕ್ಕೆ. ಮಗುವಿಗೆ ಶಾಲೆ ತುಂಬ ಬೇಕಾದ ಹೊತ್ತಿನಲ್ಲೇ ಶಾಲೆಗೆ ಬೀಗ ಬಿದ್ದಿರುತ್ತದೆ. ಅದೇ ದಿನಗಳಲ್ಲಿ ಗಡುವುಗಳು ಒಂದರ ಹಿಂದೊಂದು ಮುಗಿಯುತ್ತ ಹೋಗುತ್ತವೆ. ಉತ್ತರ ಪತ್ರಿಕೆಯ ಸ್ಕ್ಯಾನ್ ಪ್ರತಿಗೆ ಒಂದು ಗಡುವು, ಮರು ಎಣಿಕೆಗೆ ಮತ್ತು ಮರು ಮೌಲ್ಯಮಾಪನಕ್ಕೆ ಇನ್ನೊಂದು, ಪರೀಕ್ಷೆ-2ರ ನೋಂದಣಿಗೆ ಮತ್ತೊಂದು. ನೋಂದಣಿ ಆಗಬೇಕಾದ್ದು ಶಾಲೆಯ ಲಾಗಿನ್‌ನಿಂದ. ಮುಖ್ಯ ಶಿಕ್ಷಕರು ಊರಿನಲ್ಲಿಲ್ಲ, ಗುಮಾಸ್ತರ ಹುದ್ದೆ ಖಾಲಿಯಿದೆ, ತರಗತಿ ಶಿಕ್ಷಕರ ಫೋನ್ ಸಿಗುತ್ತಿಲ್ಲ ಎಂದಾದರೆ ಅಕ್ಷರ ಬಾರದ ಅಪ್ಪ ಅಮ್ಮ ಸೈಬರ್ ಅಂಗಡಿಯವರು ಹೇಳಿದ್ದನ್ನೇ ನಿಯಮ ಎಂದುಕೊಂಡು ವಾಪಸಾಗುತ್ತಾರೆ. ಪರೀಕ್ಷೆ-2 ತಪ್ಪಿಹೋಗಿದ್ದು ಅವರಿಗೆ ಗೊತ್ತಾಗುವುದು ಪಕ್ಕದ ಮನೆಯ ಮಗು ಹಾಲ್ ಟಿಕೆಟ್ ಹಿಡಿದು ಹೊರಟಾಗ.

ಮೂರು ಪರೀಕ್ಷೆಗಳ ಪದ್ಧತಿಯನ್ನು ನಾನು ಮನಸಾರೆ ಮೆಚ್ಚಿದ್ದೇನೆ. 2023-24ನೇ ಸಾಲಿನಿಂದ ‘ಪೂರಕ ಪರೀಕ್ಷೆ’ ಎಂಬ ಹೆಸರನ್ನೇ ತೆಗೆದು, ಪರೀಕ್ಷೆ-1, 2, 3 ಎಂದು ಮಾಡಿ, ಮೂರರಲ್ಲಿ ಯಾವುದರಲ್ಲಿ ಹೆಚ್ಚು ಅಂಕ ಬಂತೋ ಅದನ್ನೇ ಉಳಿಸಿಕೊಳ್ಳಲು ಅವಕಾಶ ಕೊಟ್ಟಿರಿ. ಮೊದಲ ಪರೀಕ್ಷೆಯಲ್ಲಿ ಎಡವಿದ ಮಗು ಅದೇ ವರ್ಷ ತನ್ನ ಜೊತೆಯವರೊಂದಿಗೆ ಮುಂದಕ್ಕೆ ಹೋಗಲು ಇದರಿಂದ ದಾರಿಯಾಯಿತು. ಆದರೆ ಈ ಬದಲಾವಣೆ ಇನ್ನೂ ಊರೊಳಗೆ ಇಳಿದಿಲ್ಲ. ಮನೆಗಳಲ್ಲಿ ಈಗಲೂ ನಡೆಯುವ ಮಾತು ‘ಒಂದು ವರ್ಷ ಹೋಯಿತು’ ಎಂಬುದೇ. ವರ್ಷ ಹೋಗಿಲ್ಲ, ಮೊದಲ ಅವಕಾಶ ಹೋಗಿದೆ, ಇನ್ನೂ ಎರಡು ಇವೆ ಎಂದು ಫಲಿತಾಂಶದ ಪುಟದಲ್ಲೇ ದೊಡ್ಡ ಅಕ್ಷರದಲ್ಲಿ ಬರೆದಿದ್ದರೆ ಎಷ್ಟೋ ಮನೆಗಳ ಆ ರಾತ್ರಿ ಬೇರೆ ರೀತಿ ಕಳೆಯುತ್ತಿತ್ತು.

ತೇರ್ಗಡೆ, ಅನುತ್ತೀರ್ಣ ಎಂಬ ಗೆರೆಯ ಬಗೆಗೂ ಒಂದು ಮಾತು ಹೇಳಲೇಬೇಕು. 2022ರಲ್ಲಿ ಫಲಿತಾಂಶ ಶೇ 85.63. 2023ರಲ್ಲಿ ಶೇ 83.89. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್, ಅಂದರೆ ಕ್ಯಾಮೆರಾದ ನೇರ ನಿಗಾ ಬಂತು, ಫಲಿತಾಂಶ ಕುಸಿಯಿತು, ತೇರ್ಗಡೆಗೆ ಸಾಲದ್ದನ್ನು ತುಂಬಿಕೊಡುವ ಕೃಪಾಂಕವನ್ನು ಶೇ 20ಕ್ಕೆ ಏರಿಸಿದ ಮೇಲೂ ಶೇ 73.40ಕ್ಕೆ ನಿಂತಿತು. 2025ರಲ್ಲಿ ಆ ಕೃಪಾಂಕ ಇರಲಿಲ್ಲ, ಒಟ್ಟು ಫಲಿತಾಂಶ ಶೇ 62.34. ಈಗ 2025-26ನೇ ಸಾಲಿನಿಂದ ತೇರ್ಗಡೆಗೆ 625ಕ್ಕೆ 206 ಅಂಕ, ಅಂದರೆ ಶೇ 33 ಸಾಕು ಎಂದು ನಿಯಮ ಬದಲಾಗಿದೆ, ಪ್ರತಿ ವಿಷಯದ ಕನಿಷ್ಠವನ್ನು ಬರಹದ ಅಂಕಕ್ಕೆ ಆಂತರಿಕ ಅಂಕ ಸೇರಿಸಿ ಲೆಕ್ಕ ಹಾಕುತ್ತಾರೆ. ಈ ಬದಲಾವಣೆಗಳು ಸರಿಯೋ ತಪ್ಪೋ ಎಂಬ ಚರ್ಚೆ ಇಲ್ಲಿ ಬೇಡ. ನಾಲ್ಕು ವರ್ಷಗಳಲ್ಲಿ ಮಕ್ಕಳ ಬುದ್ಧಿ ಇಷ್ಟು ಏರಿಳಿಯುವುದಿಲ್ಲ, ಏರಿಳಿದದ್ದು ಗೆರೆ. ಅಷ್ಟೇ ತಿಳಿದ, ಅಷ್ಟೇ ಬರೆದ ಒಂದು ಮಗು ಒಂದು ವರ್ಷ ಪಾಸು, ಇನ್ನೊಂದು ವರ್ಷ ಫೇಲು. ಇದನ್ನು ಮಂಡಳಿ ತಿಳಿದಿದೆ, ಶಿಕ್ಷಕರು ತಿಳಿದಿದ್ದಾರೆ. ಮಗುವಿಗೆ ಮಾತ್ರ ಯಾರೂ ಹೇಳುವುದಿಲ್ಲ. ಅದು ತಾನು ದಡ್ಡ ಎಂದೇ ನಂಬಿಕೊಂಡು ಬೆಳೆಯುತ್ತದೆ.

ಇನ್ನು ಫಲಿತಾಂಶದ ದಿನದ ವಿಚಾರ. ಆ ದಿನ ಏನು ಕೆಡುತ್ತದೆ, ಏಕೆ ಕೆಡುತ್ತದೆ ಎಂಬುದು ಎಲ್ಲ ಶಾಲೆಗಳಲ್ಲೂ ಹೆಚ್ಚು ಕಡಿಮೆ ಒಂದೇ. ಮಗು ಒಂಟಿಯಾಗಿ, ಯಾರದೋ ಫೋನಿನಲ್ಲಿ, ಹತ್ತು ಜನರ ನಡುವೆ ಫಲಿತಾಂಶ ನೋಡುತ್ತದೆ. ಅದಕ್ಕೆ ಮೊದಲೇ ತರಗತಿಯ ವಾಟ್ಸ್ಆಪ್ ಗುಂಪಿನಲ್ಲಿ ಇಡೀ ಶಾಲೆಯ ಪಟ್ಟಿ ಹೆಸರು, ಅಂಕಗಳ ಸಮೇತ ಬಂದಿರುತ್ತದೆ. ಮಗುವಿಗಿಂತ ಮೊದಲು ನೆಂಟರಿಗೆ ಗೊತ್ತಾಗುತ್ತದೆ. ಸಂಜೆಯ ಹೊತ್ತಿಗೆ ಫೋನುಗಳು ಬರುತ್ತವೆ, ಅಪ್ಪ ಅಮ್ಮ ತಮ್ಮ ಅವಮಾನವನ್ನು ಮಗುವಿನ ಮೇಲೆ ಹಾಕುತ್ತಾರೆ. ಅವರು ಕೆಟ್ಟವರಲ್ಲ, ಏನು ಆಡಬೇಕೆಂದು ತಿಳಿಯದವರು. ಆದ್ದರಿಂದ ಶಾಲೆ ಅವರಿಗೆ ಮೊದಲೇ ಹೇಳಿಕೊಡಬೇಕು.

ಹೇಳಿಕೊಡಬೇಕಾದ್ದು ದೊಡ್ಡದೇನೂ ಅಲ್ಲ. ಫಲಿತಾಂಶವನ್ನು ಮನೆಯ ಒಬ್ಬ ಹಿರಿಯರ ಜೊತೆ ಕೂತು ನೋಡಲಿ. ಅಂಕ ಕಂಡ ಕೂಡಲೇ ‘ಯಾಕೆ ಹೀಗಾಯಿತು’ ಎಂದು ಕೇಳುವುದು ಬೇಡ. ಆ ಗಳಿಗೆಯಲ್ಲಿ ಅದಕ್ಕೆ ಉತ್ತರ ಹೇಳುವ ಶಕ್ತಿ ಮಗುವಿಗೆ ಇರುವುದಿಲ್ಲ, ಕೇಳಿದ್ದೆಲ್ಲ ಅದಕ್ಕೆ ಬೈಗುಳವಾಗಿ ಕೇಳಿಸುತ್ತದೆ. ‘ಬಂದಿದ್ದು ಬಂತು, ನಾವಿದ್ದೀವಿ, ನಾಳೆ ಶಾಲೆಗೆ ಹೋಗಿ ಮೇಷ್ಟ್ರನ್ನು ಕೇಳೋಣ’ ಎಂಬಷ್ಟು ಸಾಕು. ಅಳುವುದಾದರೆ ಅಳಲಿ, ‘ಗಂಡು ಹುಡುಗ ಅಳ್ತಾನಾ’ ಎನ್ನಬೇಡಿ. ಒಂದು ವಾರ ನೆಂಟರ ಫೋನುಗಳನ್ನು ದೊಡ್ಡವರೇ ತೆಗೆದುಕೊಳ್ಳಲಿ. ಅಣ್ಣ, ಅಕ್ಕ, ಚಿಕ್ಕಪ್ಪನ ಮಗಳ ಅಂಕದ ಮಾತು ಎತ್ತುವುದೇ ಬೇಡ. ಊಟ, ನಿದ್ದೆ ತಪ್ಪದಂತೆ ನೋಡಿಕೊಳ್ಳಿ, ಮೂರು ದಿನ ಓದಿನ ಮಾತೇ ಬೇಡ. ಆದರೆ ಮೂರಕ್ಕಿಂತ ಹೆಚ್ಚು ದಿನ ಕಾಯಲೂ ಬೇಡ, ಏಕೆಂದರೆ ಗಡುವುಗಳು ಕಾಯುವುದಿಲ್ಲ. ಇಷ್ಟನ್ನು ಒಂದು ಹಾಳೆಯಲ್ಲಿ ಮುದ್ರಿಸಿ, ಪರೀಕ್ಷೆಗೆ ಮೊದಲು ನಡೆಯುವ ಕೊನೆಯ ಪೋಷಕರ ಸಭೆಯಲ್ಲಿ ಓದಿ ಹೇಳಿದರೆ ಸಾಕು. ಫಲಿತಾಂಶ ಬಂದ ಮೇಲೆ ಹೇಳಿದರೆ ಯಾರ ಕಿವಿಗೂ ಹೋಗುವುದಿಲ್ಲ.

ಎಲ್ಲ ಮಕ್ಕಳಿಗೂ ಇದರಿಂದ ಸಾಲದು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಪ್ರಕಾರ 2022ರಲ್ಲಿ ದೇಶದಲ್ಲಿ ಆತ್ಮಹತ್ಯೆಯಿಂದ ಪ್ರಾಣ ಕಳೆದುಕೊಂಡ ವಿದ್ಯಾರ್ಥಿಗಳು 13,044. ಎಲ್ಲವೂ ಫಲಿತಾಂಶದಿಂದ ಆದವಲ್ಲ, ಇಂಥ ಸಾವಿಗೆ ಯಾವತ್ತೂ ಒಂದೇ ಕಾರಣ ಇರುವುದಿಲ್ಲ. ಆದರೂ ಫಲಿತಾಂಶದ ವಾರ ಅಪಾಯದ ವಾರ ಎಂಬುದನ್ನು ಶಿಕ್ಷಕರಾದ ನಾವು ಒಪ್ಪಿಕೊಂಡೇ ಸಿದ್ಧರಾಗಬೇಕು. ‘ನಾನಿಲ್ಲದಿದ್ದರೆ ನಿಮಗೆ ತೊಂದರೆಯೇ ಇರಲ್ಲ’ ಎನ್ನುವುದು, ಇದ್ದಕ್ಕಿದ್ದಂತೆ ತನಗೆ ಪ್ರಿಯವಾದ ವಸ್ತುಗಳನ್ನು ಹಂಚಿಬಿಡುವುದು, ಎರಡು ಮೂರು ದಿನ ಊಟ ನಿದ್ದೆ ಬಿಡುವುದು, ಗೆಳೆಯರ ಜೊತೆ ಪೂರ್ತಿ ಮಾತು ನಿಲ್ಲಿಸುವುದು, ಅತ್ತೂ ಕರೆದೂ ಆದ ಮೇಲೆ ಕಾರಣವೇ ಇಲ್ಲದೆ ತಟ್ಟನೆ ಶಾಂತವಾಗುವುದು, ಇವುಗಳಲ್ಲಿ ಯಾವುದು ಕಂಡರೂ ಮಗುವನ್ನು ಒಂಟಿಯಾಗಿ ಬಿಡಬಾರದು. ಸಾಯುವ ಯೋಚನೆ ಬರುತ್ತಿದೆಯಾ ಎಂದು ನೇರವಾಗಿ, ಮೆಲ್ಲಗೆ ಕೇಳಬೇಕು. ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎಂಬ ಭಯ ಹಲವರಲ್ಲಿದೆ, ಅದು ನಿಜವಲ್ಲ. ಕೇಳಿದಾಗ ಮಗುವಿಗೆ ಹೇಳಿಕೊಳ್ಳಲು ಜಾಗ ಸಿಗುತ್ತದೆ. ಹೌದು ಎಂದರೆ ಉಪದೇಶ ಬೇಡ, ಗಾಬರಿ ಬೇಡ, ಜೊತೆಗೇ ಇರಿ. ಹೊಲಕ್ಕೆ ಹೊಡೆಯುವ ಔಷಧಿ, ಮನೆಯಲ್ಲಿರುವ ಮಾತ್ರೆಗಳು ಬೀಗದೊಳಗೆ ಹೋಗಲಿ. ಟೆಲಿ-ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ 14416 ಹಗಲು ರಾತ್ರಿ ಉಚಿತವಾಗಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು, ಮಗುವಿನ ಬದಲು ಅಪ್ಪ ಅಮ್ಮನೋ ಶಿಕ್ಷಕರೋ ಕೂಡ ಕರೆ ಮಾಡಬಹುದು. ಮಕ್ಕಳ ಸಹಾಯವಾಣಿ 1098. ಜಿಲ್ಲಾ ಆಸ್ಪತ್ರೆಗಳಲ್ಲಿ ಮನೋವೈದ್ಯರಿದ್ದಾರೆ. ಈ ಎರಡು ಸಂಖ್ಯೆಗಳು ಪ್ರವೇಶ ಪತ್ರದ ಮೇಲೂ ಫಲಿತಾಂಶದ ಪುಟದ ಮೇಲೂ ಇರಬೇಕು ಎಂಬುದು ನನ್ನ ಮೊದಲ ಬೇಡಿಕೆ. ಇದಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ.

ಯಾರ ಮೇಲೆ ಕಣ್ಣಿಡಬೇಕು ಎಂಬ ವಿಚಾರದಲ್ಲೂ ನಮ್ಮಿಂದ ತಪ್ಪಾಗುತ್ತದೆ. ಪೂರ್ವಸಿದ್ಧತಾ ಪರೀಕ್ಷೆಯಲ್ಲೇ ಹಿಂದೆ ಬಿದ್ದಿದ್ದ ಮಗುವನ್ನು ಎಲ್ಲರೂ ಗಮನಿಸುತ್ತಾರೆ, ಅದೂ ಸ್ವಲ್ಪ ಮಟ್ಟಿಗೆ ಸಿದ್ಧವಾಗಿರುತ್ತದೆ. ಹೆಚ್ಚಿನ ಆಘಾತ ತಗಲುವುದು ಪಾಸಾಗಿಯೇ ಆಗುತ್ತೇನೆ ಎಂದುಕೊಂಡು ಒಂದೇ ವಿಷಯದಲ್ಲಿ ನಾಲ್ಕೈದು ಅಂಕಕ್ಕೆ ಉಳಿದವರಿಗೆ. ಇನ್ನೊಬ್ಬರಿದ್ದಾರೆ: 600ರ ಮೇಲೆ ಬರುತ್ತದೆಂದು ಮನೆಯವರು, ಶಾಲೆಯವರು ಎಲ್ಲ ಸೇರಿ ನಂಬಿಸಿ, 540 ಬಂದ ಮಗು. ಅದನ್ನು ಯಾರೂ ಸಂತೈಸುವುದಿಲ್ಲ, ‘ಪಾಸಾಯ್ತಲ್ಲ, ಇನ್ನೇನು’ ಎನ್ನುತ್ತಾರೆ. ಅದರ ನೋವು ಸಣ್ಣದಲ್ಲ. ಆ ಮಗುವನ್ನೂ ಅದೇ ಪಟ್ಟಿಗೆ ಸೇರಿಸಿಕೊಳ್ಳಬೇಕು, ಅಂಕ ಸಾಲದು ಎನಿಸಿದರೆ ಪರೀಕ್ಷೆ-2 ಅದಕ್ಕೂ ತೆರೆದಿದೆ ಎಂದು ತಿಳಿಸಬೇಕು. ವಿದ್ಯಾರ್ಥಿ ನಿಲಯದಲ್ಲಿದ್ದು ರಜೆಗೆ ದೂರದ ಊರಿಗೆ ಹೋದವರು, ಅಜ್ಜಿಯ ಮನೆಯಲ್ಲಿ ಬೆಳೆಯುತ್ತಿರುವವರು, ಅಪ್ಪ ಅಮ್ಮ ದುಡಿಯಲು ಬೇರೆ ರಾಜ್ಯಕ್ಕೆ ಹೋಗಿರುವವರು, ಇವರ ಫೋನ್ ನಂಬರು ದಾಖಲೆಯಲ್ಲಿ ಒಂದಿರುತ್ತದೆ, ನಿಜಕ್ಕೂ ಬಳಕೆಯಲ್ಲಿರುವುದು ಇನ್ನೊಂದಿರುತ್ತದೆ.

ಈಗ ಉತ್ತರ ಪತ್ರಿಕೆಯ ವಿಷಯ. ಎಲ್ಲಕ್ಕಿಂತ ಹೆಚ್ಚು ಉಪಯೋಗವಿದ್ದೂ ಎಲ್ಲಕ್ಕಿಂತ ಕಡಿಮೆ ಬಳಕೆಯಾಗುತ್ತಿರುವುದು ಸ್ಕ್ಯಾನ್ ಪ್ರತಿ. ಅದನ್ನು ಮರು ಮೌಲ್ಯಮಾಪನಕ್ಕೆ ಹಾಕಲು ಬೇಕಾದ ಕಾಗದ ಎಂದಷ್ಟೇ ಎಲ್ಲರೂ ತಿಳಿದಿದ್ದಾರೆ. ಅದು ಮಗುವಿನ ಮುಂದಿನ ಪರೀಕ್ಷೆಯ ಪಾಠಪಟ್ಟಿ. ವಿಷಯ ಶಿಕ್ಷಕರು ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು, ಮಂಡಳಿ ಪ್ರಕಟಿಸುವ ಕೀ ಉತ್ತರವನ್ನು ಎದುರಿಗಿಟ್ಟುಕೊಂಡು, ಪ್ರಶ್ನೆ ಪ್ರಶ್ನೆಯನ್ನೂ ನೋಡಿದರೆ ಒಂದು ವಿಷಯಕ್ಕೆ ಮುಕ್ಕಾಲು ಗಂಟೆ ಹಿಡಿಯುತ್ತದೆ. ಮೊದಲು ಒಟ್ಟು ಸರಿಯಿದೆಯೇ, ಒಳಪುಟದ ಅಂಕಗಳೆಲ್ಲ ಮುಖಪುಟಕ್ಕೆ ಬಂದಿವೆಯೇ, ಅಂಕವನ್ನೇ ಹಾಕದೆ ಬಿಟ್ಟ ಉತ್ತರ ಇದೆಯೇ ನೋಡಬೇಕು. ಕೂಡುವಿಕೆಯ ತಪ್ಪಾದರೆ ಮರು ಎಣಿಕೆ ಸಾಕು. ಬರೆದ ಉತ್ತರಕ್ಕೆ ಕೀ ಉತ್ತರದ ಪ್ರಕಾರ ಸಿಗಬೇಕಾದ ಅಂಕ ಸಿಕ್ಕಿಲ್ಲ ಎಂದು ಶಿಕ್ಷಕರಿಗೇ ಅನಿಸಿದರೆ ಮಾತ್ರ ಮರು ಮೌಲ್ಯಮಾಪನ. ಪೋಷಕರ ಸಿಟ್ಟಿಗೆ, ಮಗುವಿನ ಆಸೆಗೆ ಎಲ್ಲ ವಿಷಯಗಳಿಗೂ ಅರ್ಜಿ ಹಾಕಿಸಿದರೆ ಹಣವೂ ಹೋಗುತ್ತದೆ, ಅದಕ್ಕಿಂತ ಬೆಲೆಯುಳ್ಳ ದಿನಗಳೂ ಹೋಗುತ್ತವೆ. ಮರು ಮೌಲ್ಯಮಾಪನದ ಉತ್ತರ ಬರಲಿ, ಆಮೇಲೆ ನೋಡೋಣ ಎಂದು ಪರೀಕ್ಷೆ-2ರ ನೋಂದಣಿಯನ್ನು ಬಿಡಲೇಬಾರದು. ಎರಡನ್ನೂ ಒಟ್ಟಿಗೇ ಮಾಡಬೇಕು. ಇದೊಂದು ಮಾತು ಹೇಳುವವರಿಲ್ಲದೆ ಮಕ್ಕಳು ಎರಡನೇ ಅವಕಾಶ ಕಳೆದುಕೊಳ್ಳುತ್ತಾರೆ.

ಆಮೇಲೆ ಅಂಕ ಎಲ್ಲಿ ಹೋಯಿತು ಎಂದು ಗುರುತು ಹಾಕಬೇಕು. ಖಾಲಿ ಬಿಟ್ಟದ್ದು ಎಷ್ಟು, ಬರೆದೂ ತಪ್ಪಾದದ್ದು ಎಷ್ಟು, ತಿಳಿದಿದ್ದೂ ಪೂರ್ತಿ ಬರೆಯದೆ ಹೋದದ್ದು ಎಷ್ಟು. ಈ ಮೂರಕ್ಕೆ ಮದ್ದು ಬೇರೆ ಬೇರೆ. ಖಾಲಿ ಬಿಟ್ಟ ಜಾಗ ಹೆಚ್ಚಿದ್ದರೆ ಒಂದೋ ಪಾಠವೇ ಗೊತ್ತಿಲ್ಲ, ಇಲ್ಲವೇ ಸಮಯ ಸಾಲಲಿಲ್ಲ. ಸಮಯ ಸಾಲದ ಮಗುವಿನ ಪತ್ರಿಕೆಯಲ್ಲಿ ಕೊನೆಯ ಪುಟಗಳು ಖಾಲಿ, ಪಾಠ ಬಾರದ ಮಗುವಿನದರಲ್ಲಿ ನಡುನಡುವೆ ಖಾಲಿ. ಮೂರನೇ ಬಗೆಯ ನಷ್ಟವೇ ನಮ್ಮ ಮಕ್ಕಳಲ್ಲಿ ಹೆಚ್ಚು, ಬೇಗ ಸರಿಹೋಗುವುದೂ ಅದೇ. ವಿಜ್ಞಾನದಲ್ಲಿ ಹೃದಯದ ಚಿತ್ರ ಬರೆದು ಭಾಗಗಳನ್ನು ಹೆಸರಿಸದೆ ಬಿಡುವುದು, ಸಮಾಜ ವಿಜ್ಞಾನದಲ್ಲಿ ಭಾರತದ ನಕ್ಷೆಯ ಪ್ರಶ್ನೆಯನ್ನೇ ಮುಟ್ಟದಿರುವುದು, ಭಾಷೆಯಲ್ಲಿ ಪತ್ರ ಲೇಖನಕ್ಕೆ ದಿನಾಂಕ, ವಿಳಾಸ, ಒಕ್ಕಣೆ ಹಾಕದೆ ಬರೀ ಒಡಲು ಬರೆಯುವುದು, ಪ್ರಶ್ನೆಯ ಕ್ರಮಸಂಖ್ಯೆ ತಪ್ಪಾಗಿ ಹಾಕುವುದು. ಇವನ್ನು ಸರಿಪಡಿಸಲು ಹೊಸ ಪಾಠ ಬೇಡ, ಒಂದು ವಾರದ ಬರವಣಿಗೆಯ ಅಭ್ಯಾಸ ಸಾಕು.

ಗಣಿತವನ್ನು ಬೇರೆಯಾಗಿಯೇ ಹೇಳಬೇಕು, ಹೆಚ್ಚು ಮಕ್ಕಳು ಹೆದರುವುದು ಅಲ್ಲೇ. ಇತ್ತೀಚಿನ ವರ್ಷಗಳ 80 ಅಂಕದ ಪತ್ರಿಕೆಯಲ್ಲಿ 38 ಪ್ರಶ್ನೆ. ಮೊದಲ 16 ತಲಾ ಒಂದು ಅಂಕದವು, ಅವುಗಳಲ್ಲಿ 8 ಬಹು ಆಯ್ಕೆಯವು. ಆಮೇಲೆ ಎರಡು ಅಂಕದ 8, ಮೂರು ಅಂಕದ 9, ನಾಲ್ಕು ಅಂಕದ 4, ಐದು ಅಂಕದ 1. ಫೇಲಾದ ಮಗುವಿನ ಪತ್ರಿಕೆಯನ್ನು ತೆರೆದರೆ ಒಂದು ಅಂಕದ ಪ್ರಶ್ನೆಗಳಲ್ಲೇ ಆರೇಳು ಖಾಲಿ ಇರುತ್ತವೆ. ಬಹು ಆಯ್ಕೆಯ ಒಂದನ್ನೂ ಖಾಲಿ ಬಿಡಬಾರದು, ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ ಎಂಬುದು ಕೂಡ ಕೆಲವರಿಗೆ ಗೊತ್ತಿರುವುದಿಲ್ಲ. ರೇಖಾತ್ಮಕ ಸಮೀಕರಣಗಳ ನಕ್ಷೆ ನಾಲ್ಕು ಅಂಕಕ್ಕೆ ಬರುವ ಪ್ರಶ್ನೆ. ಬೆಲೆಗಳ ಕೋಷ್ಟಕ, ಸ್ಕೇಲ್, ಎರಡು ಸರಳರೇಖೆ, ಛೇದಿಸುವ ಬಿಂದು, ಕೊನೆಗೆ ಎಕ್ಸ್ ಇಷ್ಟು, ವೈ ಇಷ್ಟು ಎಂಬ ಉತ್ತರ. ರೇಖೆ ಎಳೆದು ಉತ್ತರ ಬರೆಯದೆ ಎದ್ದು ಬರುವ ಮಕ್ಕಳು ಬಹಳ. ಪ್ರಮೇಯದಲ್ಲಿ ಸಾಧನೆ ಮರೆತುಹೋದರೂ ಚಿತ್ರ, ದತ್ತ, ಸಾಧನೀಯ, ರಚನೆ ಬರೆದರೆ ಅಷ್ಟರ ಮಟ್ಟಿಗೆ ಅಂಕವಿದೆ. ಸರಾಸರಿ, ಮಧ್ಯಾಂಕದ ಲೆಕ್ಕದಲ್ಲಿ ಸೂತ್ರ ಬರೆದು ಬೆಲೆ ಹಾಕಿದರೆ ಕೊನೆಯ ಉತ್ತರ ತಪ್ಪಿದರೂ ಹಂತದ ಅಂಕ ಸಿಗುತ್ತದೆ. ಇಷ್ಟನ್ನು ಮಗು ತನ್ನದೇ ಪತ್ರಿಕೆಯಲ್ಲಿ ಕಂಡಾಗ ‘ಗಣಿತ ನನ್ನ ತಲೆಗೆ ಹತ್ತಲ್ಲ’ ಎಂಬ ಮಾತು ‘ಹನ್ನೆರಡು ಅಂಕ ಬಿಟ್ಟು ಬಂದೆ’ ಎಂಬ ಮಾತಾಗುತ್ತದೆ. ಎರಡನೆಯದನ್ನು ಸರಿಮಾಡಲು ದಾರಿಯಿದೆ.

ಪಾಸಿಂಗ್ ಪ್ಯಾಕೇಜ್ ಎಂದು ಮೂವತ್ತು ನಲವತ್ತು ಪುಟದ ಒಂದೇ ಹೊತ್ತಗೆಯನ್ನು ಎಲ್ಲರ ಕೈಗೂ ಕೊಟ್ಟು ಕಳಿಸುವುದು ಸಾಲದು ಎನ್ನುವುದು ಇದಕ್ಕೇ. ಅದನ್ನು ತಯಾರಿಸಿದ ಶಿಕ್ಷಕರ ಶ್ರಮಕ್ಕೆ ಗೌರವವಿದೆ, ಆದರೆ ಯಾವ ಮಗುವಿಗೆ ಯಾವ ಪುಟ ಎಂದು ಹೇಳುವವರು ಬೇಕು. ಒಂದು ಎರಡು ವಿಷಯ ಉಳಿದಿರುವ ಮಗುವಿಗೆ ದಿನಕ್ಕೆ ಮುಕ್ಕಾಲು ಗಂಟೆಯ ನಾಲ್ಕು ಸರದಿ ಓದು ಸಾಕು, ಅದರಲ್ಲಿ ಎರಡು ಸರದಿ ಬರೆಯಲು. ಮೊದಲ ವಾರ ಈಗಾಗಲೇ ಅರ್ಧ ಬರುವ ಪಾಠಗಳನ್ನು ಗಟ್ಟಿ ಮಾಡಬೇಕು, ಏನೂ ಬಾರದ ಪಾಠದಿಂದ ಶುರುಮಾಡಿದರೆ ಮೂರನೇ ದಿನಕ್ಕೆ ಪುಸ್ತಕ ಮುಚ್ಚುತ್ತಾರೆ. ಎರಡನೇ ವಾರದಿಂದ ವಾರಕ್ಕೆ ಎರಡು ಹಳೆಯ ಪ್ರಶ್ನೆಪತ್ರಿಕೆಯನ್ನು ಗಡಿಯಾರ ಇಟ್ಟುಕೊಂಡು, ಓದಲು ಕೊಡುವ 15 ನಿಮಿಷವನ್ನೂ ಸೇರಿಸಿ, ಪೂರ್ತಿ ಬರೆಯಬೇಕು. ಬರೆದದ್ದನ್ನು ಅದೇ ದಿನ ಯಾರಾದರೂ ತಿದ್ದಬೇಕು. ತಿದ್ದದ ಪತ್ರಿಕೆಯಿಂದ ಪ್ರಯೋಜನವಿಲ್ಲ. ಆರೂ ವಿಷಯ ಉಳಿದಿರುವ ಮಗುವಿಗೆ ಆರನ್ನೂ ಒಂದೇ ತಿಂಗಳಲ್ಲಿ ತುರುಕಲು ಹೋಗಬೇಡಿ. ಪರೀಕ್ಷೆ-2ರ ಹೊತ್ತಿಗೆ ಎರಡು ಅಥವಾ ಮೂರು ಗಟ್ಟಿಯಾಗಲಿ, ಉಳಿದವಕ್ಕೆ ಪರೀಕ್ಷೆ-3 ಇದೆ. ಎರಡು ವಿಷಯ ದಾಟಿದ ಮಗುವಿನ ಮುಖ ಬೇರೆಯಾಗಿರುತ್ತದೆ, ಉಳಿದದ್ದನ್ನು ಆ ಧೈರ್ಯವೇ ಎಳೆದುಕೊಂಡು ಹೋಗುತ್ತದೆ. ರಾತ್ರಿ ನಿದ್ದೆಗೆಡಿಸಿ ಓದಿಸುವುದು ಬೇಡ, ನಿದ್ದೆಗೆಟ್ಟರೆ ಓದಿದ್ದು ನಿಲ್ಲುವುದಿಲ್ಲ.

ಹೆಣ್ಣುಮಕ್ಕಳ ವಿಚಾರ ಬರೆಯದೆ ಈ ಪತ್ರ ಮುಗಿಸಲಾರೆ. ಹುಡುಗಿ ಫೇಲಾದರೆ ಎಷ್ಟೋ ಮನೆಗಳಲ್ಲಿ ಮುಂದಿನ ಮಾತು ಪರೀಕ್ಷೆ-2ರದ್ದಲ್ಲ, ಮದುವೆಯದ್ದು. ಹದಿನಾರರ ಹುಡುಗಿಗೆ ಮದುವೆ ಮಾಡುವುದು ಅಪರಾಧ. ಕರ್ನಾಟಕದ ತಿದ್ದುಪಡಿಯಂತೆ ಅಂಥ ಮದುವೆ ಮೊದಲಿಂದಲೇ ಅಸಿಂಧು. ಆದರೆ ಕಾನೂನು ಅವಳ ಮನೆಗೆ ತಾನಾಗಿ ನಡೆದು ಬರುವುದಿಲ್ಲ. ಅವಳು ನೋಂದಣಿ ಮಾಡಿಸದೆ ಉಳಿದಳು ಎಂಬುದನ್ನು ಎಲ್ಲರಿಗಿಂತ ಮೊದಲು ಕಾಣಬಲ್ಲವರು ಮುಖ್ಯ ಶಿಕ್ಷಕರು, ಅವರ ಲಾಗಿನ್‌ನಲ್ಲೇ ಅದು ಕಾಣುತ್ತದೆ. ಗಂಡುಮಕ್ಕಳು ಇದೇ ಹೊತ್ತಿನಲ್ಲಿ ಗಾರೆ ಕೆಲಸಕ್ಕೋ ಗ್ಯಾರೇಜಿಗೋ ಹೋಗಿ, ಕೈಗೆ ಕೂಲಿ ಬಂದ ಮೇಲೆ ತಿರುಗಿ ಬರುವುದಿಲ್ಲ. ನೋಂದಣಿಯಾಗದ ಪ್ರತಿ ಹೆಸರಿಗೂ ಒಂದು ಮನೆಭೇಟಿ ಕಡ್ಡಾಯವಾಗಬೇಕು, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರನ್ನೂ ಅಂಗನವಾಡಿ ಕಾರ್ಯಕರ್ತೆಯನ್ನೂ ಜೊತೆಗೆ ಕರೆದುಕೊಂಡು. ಮೂರೂ ಪರೀಕ್ಷೆ ಆದಮೇಲೂ ದಾಟಲಾಗದವರಿಗೆ ರಾಷ್ಟ್ರೀಯ ಮುಕ್ತ ಶಾಲೆಯ ಹತ್ತನೇ ತರಗತಿ ಇದೆ, ಎಂಟನೇ ತರಗತಿ ಪಾಸಾದವರನ್ನು ಸೇರಿಸಿಕೊಳ್ಳುವ ವೆಲ್ಡರ್, ವೈರ್‌ಮನ್‌ನಂಥ ಐಟಿಐ ಟ್ರೇಡುಗಳಿವೆ. ಇವು ಸೋತವರಿಗೆ ಇಟ್ಟ ಸಮಾಧಾನದ ಬಹುಮಾನಗಳಲ್ಲ, ನಿಜವಾದ ದಾರಿಗಳು. ಹಾಗೆಂದೇ ಹೇಳಿ ಕಳಿಸಬೇಕು.

ಮುಖ್ಯ ಶಿಕ್ಷಕರಲ್ಲಿ ನನ್ನ ವಿನಂತಿ ಇಷ್ಟು. ಶಾಲೆಯ ಪೂರ್ತಿ ಪಟ್ಟಿಯನ್ನು ಯಾವ ಗುಂಪಿಗೂ ಹಾಕಬೇಡಿ, ಅವರವರ ಅಂಕ ಅವರವರ ಮನೆಗೆ ಹೋಗಲಿ. ಹೆಚ್ಚು ಅಂಕ ಪಡೆದವರ ಫ್ಲೆಕ್ಸ್ ಗೇಟಿನಲ್ಲಿದ್ದರೆ ಫೇಲಾದ ಮಗು ಅದನ್ನು ದಾಟಿ ನೋಂದಣಿಗೆ ಒಳಗೆ ಬರಬೇಕು ಎಂಬುದನ್ನು ನೆನೆಯಿರಿ. ಅಭಿನಂದನೆ ಸಭಾಂಗಣದೊಳಗೆ ನಡೆಯಲಿ. ಫಲಿತಾಂಶದ ಹಿಂದಿನ ದಿನವೇ ಎಂಟು ಹತ್ತು ಮಕ್ಕಳಿಗೆ ಒಬ್ಬ ಶಿಕ್ಷಕರಂತೆ ಹಂಚಿಕೊಳ್ಳಿ. ಆ ದಿನ ಸಂಜೆಯೊಳಗೆ ಪ್ರತಿ ಮಗುವಿನ ದನಿಯನ್ನು, ಅಪ್ಪ ಅಮ್ಮನದಲ್ಲ, ಮಗುವಿನದೇ ದನಿಯನ್ನು ಫೋನಿನಲ್ಲಿ ಕೇಳಿ. ಎರಡು ಸಲ ಕರೆದರೂ ಸಿಗದಿದ್ದರೆ ಊರಿನಲ್ಲಿರುವ ಯಾರನ್ನಾದರೂ ಮನೆಗೆ ಕಳಿಸಿ. ನೂರಕ್ಕೆ ನೂರು ಫಲಿತಾಂಶದ ಆಸೆಗೆ ಒಂಬತ್ತನೇ ತರಗತಿಯಲ್ಲೇ ಮಕ್ಕಳ ಕೈಗೆ ಟಿಸಿ ಕೊಟ್ಟು ಕಳಿಸುವ ರೂಢಿ ಎಲ್ಲಿದ್ದರೂ ನಿಲ್ಲಿಸಿ.

ಆದರೆ ಮುಖ್ಯ ಶಿಕ್ಷಕರನ್ನು ಮಾತ್ರ ದೂರಿದರೆ ಅನ್ಯಾಯವಾದೀತು. ಫಲಿತಾಂಶ ಇಳಿದರೆ ಅವರಿಗೆ ಕಾರಣ ಕೇಳಿ ನೋಟಿಸ್ ಬರುತ್ತದೆ, ಜಿಲ್ಲೆಗಳನ್ನು ಮೇಲಿನಿಂದ ಕೆಳಗೆ ಜೋಡಿಸಿದ ಪಟ್ಟಿ ಬರುತ್ತದೆ. 2025ರಲ್ಲಿ ದಕ್ಷಿಣ ಕನ್ನಡ ಶೇ 91.12ರೊಂದಿಗೆ ಮೊದಲು, ಕಲಬುರಗಿ ಶೇ 42.43ರೊಂದಿಗೆ ಕೊನೆ ಎಂದು ಎಲ್ಲರ ಬಾಯಲ್ಲೂ ಬಂತು. ಕಲಬುರಗಿಯ ಮಗುವಿಗೆ ಆ ಸ್ಥಾನದಿಂದ ಏನು ಸಿಕ್ಕಿತು? ಆ ಪಟ್ಟಿಯಿಂದ ಎಲ್ಲಿ ಶಿಕ್ಷಕರ ಹುದ್ದೆ ಖಾಲಿಯಿದೆ, ಎಲ್ಲಿ ಗಣಿತಕ್ಕೆ ವರ್ಷವಿಡೀ ಅತಿಥಿ ಶಿಕ್ಷಕರೂ ಇರಲಿಲ್ಲ ಎಂಬ ಲೆಕ್ಕ ತೆಗೆದು ಆ ಶಾಲೆಗಳಿಗೆ ಪರೀಕ್ಷೆ-2ಕ್ಕೆ ಮೊದಲು ಜನ ಕಳಿಸಿದರೆ ಪಟ್ಟಿಗೆ ಅರ್ಥ ಬರುತ್ತದೆ. ತಮಿಳುನಾಡು 2017ರಲ್ಲೇ ರ‍್ಯಾಂಕ್ ಘೋಷಣೆ ನಿಲ್ಲಿಸಿತು, ಸಿಬಿಎಸ್ಇ 2020ರಲ್ಲಿ ಅಂಕಪಟ್ಟಿಯಿಂದ ‘ಫೇಲ್’ ಎಂಬ ಪದವನ್ನೇ ತೆಗೆಯಿತು. ನಮ್ಮ ಮಂಡಳಿಗೂ ಇದು ಕಷ್ಟವಲ್ಲ. ‘ಅನುತ್ತೀರ್ಣ’ ಎಂಬಲ್ಲಿ ‘ಪರೀಕ್ಷೆ-2ಕ್ಕೆ ಅರ್ಹ’ ಎಂದು ಬರೆದು, ಯಾವ ವಿಷಯಕ್ಕೆ ಎಷ್ಟು ಅಂಕ ಸಾಲದು ಎಂಬುದನ್ನೂ, ನೋಂದಣಿಯ ಕೊನೆಯ ದಿನವನ್ನೂ, ಸಹಾಯವಾಣಿಯನ್ನೂ ಅದರ ಕೆಳಗೇ ತೋರಿಸಿ.

ಅಧ್ಯಕ್ಷರಲ್ಲಿ ಇನ್ನೂ ಮೂರು ಬೇಡಿಕೆಗಳಿವೆ. ತೇರ್ಗಡೆಯಾಗದ ವಿಷಯಗಳ ಸ್ಕ್ಯಾನ್ ಪ್ರತಿಯನ್ನು ಅರ್ಜಿಯಿಲ್ಲದೆ, ಶುಲ್ಕವಿಲ್ಲದೆ ನೇರವಾಗಿ ಶಾಲೆಯ ಲಾಗಿನ್‌ಗೆ ಕಳಿಸಿ. ಫಲಿತಾಂಶ ಬಂದ ಮೂರನೇ ದಿನದಿಂದ ಪರೀಕ್ಷೆ-2 ಮುಗಿಯುವ ತನಕ ಪ್ರತಿ ಪ್ರೌಢಶಾಲೆಯಲ್ಲಿ ಸರದಿಯ ಮೇಲೆ ಇಬ್ಬರು ಶಿಕ್ಷಕರು ಇರುವಂತೆ ಇಲಾಖೆಯಿಂದ ಆದೇಶ ಮಾಡಿಸಿ, ರಜೆಯಲ್ಲಿ ದುಡಿದ ದಿನಗಳಿಗೆ ಗಳಿಕೆ ರಜೆಯನ್ನು ಅದೇ ಆದೇಶದಲ್ಲಿ ಬರೆದುಕೊಡಿ. 2024ರಲ್ಲಿ ಬೇಸಿಗೆ ರಜೆಯಲ್ಲೇ ವಿಶೇಷ ತರಗತಿ ಎಂದಾಗ ಶಿಕ್ಷಕರಿಂದ ಆಕ್ಷೇಪ ಬಂದದ್ದು ಮಕ್ಕಳ ಮೇಲಿನ ಅಸಡ್ಡೆಯಿಂದಲ್ಲ, ತಮ್ಮ ರಜೆ ಹೇಳಕೇಳದೆ ಹೋಯಿತು ಎಂಬ ನೋವಿನಿಂದ. ಇನ್ನು 2025ರ ಜುಲೈ 25ರಂದು ಸುಪ್ರೀಂ ಕೋರ್ಟ್ ವಿದ್ಯಾರ್ಥಿಗಳ ಮಾನಸಿಕ ಆರೋಗ್ಯಕ್ಕಾಗಿ ಮಾರ್ಗಸೂಚಿ ಕೊಟ್ಟಿದೆ. ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಯಲ್ಲಿ ತರಬೇತಾದ ಆಪ್ತಸಮಾಲೋಚಕರು ಇರಬೇಕು, ಚಿಕ್ಕ ಸಂಸ್ಥೆಗಳು ಹೊರಗಿನ ತಜ್ಞರೊಂದಿಗೆ ಏರ್ಪಾಡು ಮಾಡಿಕೊಳ್ಳಬೇಕು, ಸಿಬ್ಬಂದಿಗೆ ವರ್ಷಕ್ಕೆ ಎರಡು ಸಲ ತರಬೇತಿ ಆಗಬೇಕು ಎಂದು ಅದರಲ್ಲಿದೆ. ನಮ್ಮ ಪ್ರೌಢಶಾಲೆಗಳಲ್ಲಿ ಇದು ಎಲ್ಲಿಯವರೆಗೆ ಬಂದಿದೆ ಎಂಬುದನ್ನು ತಾಲ್ಲೂಕುವಾರು ಪ್ರಕಟಿಸುವಂತೆ ಇಲಾಖೆಯನ್ನು ಕೇಳಿ. ಎಲ್ಲ ಶಾಲೆಗೂ ಒಮ್ಮೆಗೇ ನೇಮಕ ಆಗದಿದ್ದರೆ, ಫಲಿತಾಂಶದ ಎರಡು ವಾರಗಳ ಮಟ್ಟಿಗಾದರೂ ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಗೊಬ್ಬರು ಆಪ್ತಸಮಾಲೋಚಕರನ್ನು ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಿಂದ ಪಡೆಯಬಹುದು.

ಸುತ್ತೋಲೆ ಹೊರಡಿಸುವುದಾದರೆ ರಜೆ ಶುರುವಾಗುವ ಮೊದಲೇ ಹೊರಡಲಿ. ಮಕ್ಕಳು ಊರು ಬಿಟ್ಟ ಮೇಲೆ ಅವರ ಸರಿಯಾದ ಫೋನ್ ನಂಬರು ಹುಡುಕುವುದು ಯಾವ ಶಾಲೆಗೂ ಆಗದ ಕೆಲಸ.

ತಮ್ಮ ವಿಶ್ವಾಸಿ,
ಹತ್ತನೇ ತರಗತಿಗೆ ಪಾಠ ಮಾಡುವ ಪ್ರೌಢಶಾಲಾ ಶಿಕ್ಷಕಿ